ಧ್ವನಿ ಒಡೆದ ಹುಡುಗರನ್ನು ಬಿಡಬೇಡಿ

ಮಾನ್ಯ ಸಂಪಾದಕರೇ,

ವಿಯೆನ್ನಾ ಬಾಲಕರ ಗಾಯನವೃಂದದಲ್ಲಿ ಸುಮಾರು 9ರಿಂದ 14 ವರ್ಷದ ನೂರರಷ್ಟು ಹುಡುಗರು 4 ತಂಡಗಳಲ್ಲಿ ಹಾಡುತ್ತಾರೆ. ಧ್ವನಿ ಒಡೆದ ಮೇಲೆ ತಂಡ ಬಿಡಲೇಬೇಕು. ಆದರೆ ಅಲ್ಲಿ ಹಳೆಯ ಗಾಯಕರದೇ ಪುರುಷರ ವೃಂದವಿದೆ, ಕೋರಸ್ ವಿಯೆನ್ನೆನ್ಸಿಸ್. ನಮ್ಮ ಬಹುತೇಕ ಶಾಲೆಗಳ ಸಮೂಹಗಾಯನದಲ್ಲಿ ಆ ಮುಂದಿನ ಮೆಟ್ಟಿಲೇ ಇಲ್ಲ. ಇದು ದೊಡ್ಡ ನಷ್ಟ.

ಹರೆಯದಲ್ಲಿ ಧ್ವನಿತಂತುಗಳು ಉದ್ದವಾಗಿ, ದಪ್ಪಗಾಗಿ, ಧ್ವನಿ ಸುಮಾರು ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಇಳಿಯುತ್ತದೆ. ಹಳೆಯ ಶ್ರುತಿಯಲ್ಲೇ ತಾರಸ್ಥಾಯಿಗೆ, ಅಂದರೆ ಮೇಲಿನ ಸ್ವರಗಳಿಗೆ, ಏರಿಸಹೊರಟರೆ ಹುಡುಗ ಕತ್ತು ಬಿಗಿದು ಕಿರುಚುತ್ತಾನೆ. ಶಿಕ್ಷಕರು ದಯವಿಟ್ಟು ಶ್ರುತಿ ಇಳಿಸಲಿ. ಸಲೀಸಾಗಿ ಬರುವ ಐದಾರು ಸ್ವರಗಳಲ್ಲೇ, ಮೆಲುದನಿಯಲ್ಲಿ, ದಿನಕ್ಕೆ 10 ನಿಮಿಷ ಸಾಧನೆ ಸಾಕು. ಗಂಟಲು ಕೆರೆದರೆ ಅಂದಿಗೆ ನಿಲ್ಲಿಸಬೇಕು. ತಿಂಗಳಿಗೊಮ್ಮೆ ಮತ್ತೆ ಶ್ರುತಿ ನೋಡಲಿ, ಅದು ಬದಲಾಗುತ್ತಲೇ ಇರುತ್ತದೆ.

– ಸಂಗೀತ ಶಿಕ್ಷಕರು, ಮೈಸೂರು