ಸಿನಾಪ್ಸಿಸ್ ಮುಗೀತಾ ಅಂತ ಕೇಳಿದ್ದೆಯಲ್ಲ ದೋಸ್ತ

ದೋಸ್ತ,

ಸಿನಾಪ್ಸಿಸ್, ಅಂದರೆ ನನ್ನ ಥೀಸಿಸ್ಸಿನ ಪ್ರಪೋಸಲ್, ಮುಗಿದಿಲ್ಲ. ಒಂದೇ ಸಾಲಿನಲ್ಲಿ ಹೇಳಿಬಿಡಬಹುದಿತ್ತು, ಆದರೆ ಯಾಕೆ ಮುಗಿದಿಲ್ಲ ಅನ್ನೋದು ಉದ್ದದ ಕಥೆ. ಮೆಡಿಕಲ್ ಪಿಜಿ ಮಾಡುತ್ತಿರುವ ನಮ್ಮ ಕಡೆಯ ಬೇರೆಯವರಿಗೂ ಬೇಕಾದೀತು ಅಂತ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ಹಾಸ್ಟೆಲಿನ ನಮ್ಮ ಗುಂಪೂ ಓದುತ್ತದೆ, ಗೊತ್ತು. ಹಸಿರು ಬಕೆಟ್ಟಿನ ವಿಷಯ ಯಾರೂ ಎತ್ತಬಾರದು.

ನನ್ನ ಟಾಪಿಕ್ ನಿನಗೆ ಗೊತ್ತೇ ಇದೆ. ಶ್ವಾಸಕೋಶದ ಟಿಬಿ ಬಂದವರಿಗೆ ಕೆಮ್ಮು ಶುರುವಾದಾಗಿನಿಂದ ಮೊದಲ ಮಾತ್ರೆ ನುಂಗುವವರೆಗೆ ಎಷ್ಟು ದಿನ ಹೋಗುತ್ತದೆ, ಆ ದಿನಗಳೆಲ್ಲ ಎಲ್ಲಿ ಹೋಗುತ್ತವೆ. ಎರಡು ವಾರ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಅಂತ ಆಸ್ಪತ್ರೆ ಗೋಡೆಗಳ ಮೇಲೆಲ್ಲ ಬರೆದಿದೆ. ಪರೀಕ್ಷೆ ಪುಕ್ಕಟೆ, ಆರು ತಿಂಗಳ ಮಾತ್ರೆ ಪುಕ್ಕಟೆ. ಆದರೂ ಜನ ಬಾಟಲಿಗಟ್ಟಲೆ ಟಾನಿಕ್ ಕುಡಿದು, ಮೈ ಇಳಿದು, ಕಫದಲ್ಲಿ ರಕ್ತ ಕಂಡ ಮೇಲೆ ನಮ್ಮ ಒಪಿಡಿಗೆ ಬರುತ್ತಾರೆ. ಯಾಕೆ? ಸುಮ್ನೆ ಡಿಗ್ರಿಗೋಸ್ಕರ ಕೇಳುತ್ತಿರುವ ಪ್ರಶ್ನೆ ಅಲ್ಲ ಇದು.

ಸ್ಯಾಂಪಲ್ ಸೈಜ್ ಲೆಕ್ಕ, ಅಂದರೆ ಎಷ್ಟು ಜನರನ್ನು ಅಧ್ಯಯನಕ್ಕೆ ಸೇರಿಸಬೇಕು ಅನ್ನೋದು, ಹೆದರಿದಷ್ಟು ಕಷ್ಟ ಇರಲಿಲ್ಲ. ತಡವಾಗಿ ಬರುವವರ ಪಾಲು ಎಷ್ಟೆಂದು ಮೊದಲೇ ಗೊತ್ತಿಲ್ಲದಿದ್ದರೆ ಶೇಕಡಾ 50 ಅಂತ ಹಿಡಿ. ಶೇಕಡಾ 95ರ ಕಾನ್ಫಿಡೆನ್ಸಿಗೆ, ಅಂದರೆ ಉತ್ತರವನ್ನು ಅಷ್ಟು ಭರವಸೆಯಿಂದ ಹೇಳೋಕೆ, ಸೂತ್ರದಲ್ಲಿ 1.96 ಹಾಕು. ಉತ್ತರ ಶೇಕಡಾ 5 ಆಚೀಚೆ ಆದರೆ ನಡೆಯುತ್ತದೆ ಅಂದರೆ 385 ಜನ ಬೇಕು. ಶೇಕಡಾ 10 ಆಚೀಚೆ ಆದರೂ ಪರವಾಗಿಲ್ಲ ಅಂದರೆ 97 ಜನ ಸಾಕು. ಸೀನಿಯರ್‌ಗಳು 97 ಹಿಡಿ, ಡ್ಯೂಟಿ ಮಧ್ಯೆ ಅಷ್ಟೇ ಆಗೋದು ಅಂದರು. ನಾನು 385 ಬರೆದಿದ್ದೇನೆ. ಪುಣೆಯಂಥ ಇಷ್ಟು ದೊಡ್ಡ ಊರಲ್ಲಿ ಇಷ್ಟು ಟಿಬಿ ಇರುವಾಗ ಅಷ್ಟಾದರೂ ಜನರ ಮಾತು ಕೇಳದಿದ್ದರೆ ಹೇಗೆ?

ಸಿಕ್ಕಿಹಾಕಿಕೊಂಡಿದ್ದು ಎಕ್ಸ್‌ಕ್ಲೂಷನ್ ಕ್ರೈಟೀರಿಯಾ ಹತ್ತಿರ, ಅಂದರೆ ಯಾರನ್ನು ಅಧ್ಯಯನಕ್ಕೆ ತೆಗೆದುಕೊಳ್ಳುವುದಿಲ್ಲ ಅನ್ನುವ ಪಟ್ಟಿ. ಮಾದರಿಗೆ ಅಂತ ಸಿಕ್ಕಿದ ಹಳೇ ಪ್ರಪೋಸಲ್‌ನಲ್ಲಿ ಒಂದು ಸಾಲಿತ್ತು: ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ಬಾರದವರನ್ನು ಸೇರಿಸಿಕೊಳ್ಳುವುದಿಲ್ಲ. ಒಪ್ಪಿಗೆ ಪತ್ರ ಆ ಮೂರು ಭಾಷೆಯಲ್ಲಷ್ಟೇ ಇದ್ದದ್ದರಿಂದ. ಈಗ ನೀನೇ ಪುಣೆಗೆ ಬಂದು ಹಿಂಜವಡಿ ಕಡೆ ಏಳುತ್ತಿರುವ ಬಿಲ್ಡಿಂಗುಗಳ ಕೆಳಗೆ, ಇಲ್ಲ ಬೆಳಿಗ್ಗೆ ವಾರಜೆಯ ಕೂಲಿ ನಾಕಾದಲ್ಲಿ ಸ್ವಲ್ಪ ಹೊತ್ತು ನಿಂತುಕೋ. ಯಾದಗಿರಿ, ಕಲಬುರಗಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಬಂದವರು, ತಗಡಿನ ಶೆಡ್ಡಲ್ಲಿ ಆರೇಳು ಜನ ಒಟ್ಟಿಗೆ ಮಲಗುವವರು, ಕೆಮ್ಮು ಜಾಸ್ತಿಯಾದರೆ ಊರಿಗೆ ಹೋಗಿ ಸ್ವಲ್ಪ ಸುಧಾರಿಸಿದ ಹಾಗಾದರೆ ಮತ್ತೆ ಕೆಲಸಕ್ಕೆ ಬರುವವರು. ಗಂಡಸರಿಗೆ ಕೆಲಸದ ಜಾಗದಲ್ಲಿ ಹಿಂದಿ ಅಷ್ಟಿಷ್ಟು ಬಂದುಬಿಡುತ್ತದೆ. ಅವರ ಹೆಂಡತಿಗೆ, ತಾಯಿಗೆ ಬರುವುದಿಲ್ಲ. ಅವರನ್ನೆಲ್ಲ ಬಿಟ್ಟು ತಡ ಯಾಕಾಗುತ್ತದೆ ಅಂತ ಥೀಸಿಸ್ ಬರೆದರೆ ಅದು ಯಾರ ತಡ?

ಆ ಸಾಲು ತೆಗೆದೆ. ಕನ್ನಡದಲ್ಲೂ ಒಪ್ಪಿಗೆ ಪತ್ರ ಮಾಡುತ್ತೇನೆ ಅಂದೆ, ಗೈಡ್ ಒಪ್ಪಿದರು. ಅಂದು ಸಂಜೆ ನಿನಗೆ ಫೋನ್ ಮಾಡಿ ಎಷ್ಟು ಕುಣಿದಾಡಿದ್ದೆ, ನೆನಪಿದೆ ಅಲ್ವಾ?

ಆಮೇಲಿನದ್ದು ನಿನಗೆ ಹೇಳಿಲ್ಲ. ಒಂದು ನೈಟ್ ಡ್ಯೂಟಿಯಲ್ಲಿ ವಾರ್ಡಿನ ಟೇಬಲ್ ಮೇಲೆ ಆ ಪತ್ರದ ಕರಡು ತಿದ್ದುತ್ತಾ ಕೂತಿದ್ದೆ. ನಮ್ಮ ಕಡೆಯ ಒಬ್ಬ ಗಾರೆ ಕೆಲಸದ ಯಜಮಾನರು, ಯಾವ ಊರಂತ ಇಲ್ಲಿ ಹೇಳುವುದು ಬೇಡ, ಆಕ್ಸಿಜನ್ ತೆಗೆದು ಎರಡು ದಿನ ಆಗಿತ್ತು, ನಿದ್ದೆ ಬಾರದೆ ಎದ್ದು ಕೂತಿದ್ದರು. ಏನು ಬರೀಲಾಕತ್ತೀರಿ ಅಂತ ಕೇಳಿದರು. ಹೇಳಿದೆ. ಪೂರ್ತಿ ಹೇಳಿ ಮುಗಿಸಿರಲೇ ಇಲ್ಲ, ಎಡಗೈ ಹೆಬ್ಬೆಟ್ಟು ಮುಂದೆ ಹಿಡಿದರು. ಸಿಮೆಂಟ್ ತಿಂದು ಗೆರೆಗಳೆಲ್ಲ ಸವೆದ ಬೆರಳು. "ನೀವು ಹೇಳಿದ್ರ ಆತ್ರಿ ಸರ. ಎಲ್ಲಿ ಒತ್ತಬೇಕು ತೋರಸ್ರಿ." ಇದು ಬರೀ ಕರಡು, ಈಗ ಏನೂ ಒತ್ತೋದು ಬೇಡ ಅಂದೆ. ಆಗ ಅವರು ಕೇಳಿದ್ದು: "ಇದು ಒತ್ತಿದ್ರ ಆ ಸಾವಿರ ರೂಪಾಯಿ ಖಾತಾಕ್ಕ ಬರ್ತದೇನ್ರಿ?"

ಆ ಸಾವಿರ ರೂಪಾಯಿ ನಿಕ್ಷಯ್ ಪೋಷಣ್‌ದು. ಟಿಬಿ ಇರುವವರ ಊಟಕ್ಕೆ ಅಂತ ಸರ್ಕಾರ ಕೊಡುವ ದುಡ್ಡು, ಮೊದಲು ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1000. ಅದಕ್ಕೂ ನನ್ನ ಥೀಸಿಸ್ಸಿಗೂ ಸಂಬಂಧವೇ ಇಲ್ಲ. ಆದರೆ ಅವರ ಕಣ್ಣಿಗೆ ಮಾತ್ರೆ, ದುಡ್ಡು, ನನ್ನ ಕಾಗದ ಎಲ್ಲ ಒಬ್ಬನೇ ಡಾಕ್ಟರ ಕೈಯಿಂದ ಬರುವಂಥವು. ಆ ಡಾಕ್ಟರು ಬೇರೆ ಕನ್ನಡ ಮಾತಾಡುತ್ತಾರೆ.

ಮನುಷ್ಯರ ಮೇಲಿನ ಸಂಶೋಧನೆಗೆ ಜಗತ್ತಿನ ಡಾಕ್ಟರುಗಳು ಒಪ್ಪಿಕೊಂಡ ನೀತಿಯಾದ ಹೆಲ್ಸಿಂಕಿ ಘೋಷಣೆಯಲ್ಲಿ ಇದರ ಬಗ್ಗೆ ನೇರವಾಗಿ ಹೇಳಿದ್ದಾರೆ. ರೋಗಿ ಚಿಕಿತ್ಸೆಗಾಗಿ ನಿನ್ನನ್ನೇ ನಂಬಿಕೊಂಡಿದ್ದರೆ ಒಪ್ಪಿಗೆಯನ್ನು ನೀನು ಕೇಳಬೇಡ, ಆ ಸಂಬಂಧದ ಹೊರಗಿನ ತಿಳಿದವರೊಬ್ಬರು ಕೇಳಲಿ ಅಂತ. ಪರೀಕ್ಷೆಗೆ ಓದಿಕೊಂಡಿದ್ದ ಸಾಲು, ಆ ರಾತ್ರಿವರೆಗೆ ತಲೆಗೆ ಇಳಿದಿರಲಿಲ್ಲ. ನಮ್ಮ ವಾರ್ಡಿನಲ್ಲಿ ಕನ್ನಡ ಬರುವುದು ನನಗೊಬ್ಬನಿಗೇ. ವಿವರಿಸಿ ಹೇಳಬಲ್ಲವನು ನಾನೊಬ್ಬ, ಕೇಳಬಾರದವನೂ ನಾನೇ. ಮರಾಠಿಯವರು ಹಾಳೆ ನೋಡಿ ಎರಡು ಪ್ರಶ್ನೆ ಕೇಳುತ್ತಾರೆ, ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನುತ್ತಾರೆ, ಬೇಡ ಅಂತಲೂ ಅನ್ನುತ್ತಾರೆ. ನಮ್ಮವರು ನನಗೆ ಬೇಡ ಅನ್ನುವುದೇ ಇಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಅವರು ಬೇಡ ಅನ್ನದೇ ಇರುವುದು ನನಗೆ ಇಷ್ಟವಾಗುತ್ತಿತ್ತು ಕಣೋ. ಈ ಊರಲ್ಲಿ ದಿನವಿಡೀ ಮರಾಠಿ, ಹಿಂದಿ ಆಡಿ ರೂಮಿಗೆ ಬಂದರೆ ಮಾತಾಡೋಕೆ ಯಾರೂ ಇಲ್ಲ. ಅಪ್ಪ ಹೋದ ಮೇಲೆ ಅವ್ವನಿಗೂ ಫೋನಲ್ಲಿ ಜಾಸ್ತಿ ಮಾತು ಬರುವುದಿಲ್ಲ. ರೌಂಡ್ಸ್ ಮುಗಿದ ಮೇಲೂ ನಾನು ಅವರ ಮಂಚದ ಹತ್ತಿರ ಹೋಗಿ ಕೂರುತ್ತೇನೆ. ಊಟ ಆಯ್ತಾ ಸರ ಅಂತ ನನ್ನನ್ನ ಕೇಳುವವರು ಅವರೇ. ಅವರಿಗೆ ನನ್ನ ಕನ್ನಡ ಎಷ್ಟು ಬೇಕೋ ನನಗೆ ಅವರದು ಅದಕ್ಕಿಂತ ಜಾಸ್ತಿ ಬೇಕು. ಅಂಥವನು ಮುಂದೆ ಕಾಗದ ಹಿಡಿದು ನಿಂತರೆ ಅವರು ಇನ್ನೇನು ಅಂದಾರು?

ಇರಲಿ. ಇದನ್ನ ಬರೆಯಬೇಕು ಅಂದುಕೊಂಡಿರಲಿಲ್ಲ. ಹೋಗಲಿ ಬಿಡು, ನೀನು ಮಳೆಗಾಲದಲ್ಲಿ ಬಂದರೆ ಎಲ್ಲ ಸರಿಹೋಗುತ್ತದೆ, ಸಿಂಹಗಡ ಹತ್ತಿಸಿ ಮೇಲೆ ಪಿಠಲ ಭಾಕರಿ ತಿನ್ನಿಸುತ್ತೇನೆ. ಆದರೆ ಹತ್ತುವಾಗ ಹಾಡಬಾರದು, ಕಳೆದ ಸಲದ ಆ ಕಾಕೂ ನಿನ್ನನ್ನು ಇನ್ನೂ ಮರೆತಿರಲಿಕ್ಕಿಲ್ಲ.

ಈಗ ಪ್ರಪೋಸಲ್‌ನಲ್ಲಿ ಹೀಗೆ ಬರೆದಿದ್ದೇನೆ. ಕನ್ನಡದವರಿಗೆ ಪತ್ರ ಓದಿ ಹೇಳುವುದು ಇಲ್ಲಿನ ಒಬ್ಬ ನಿವೃತ್ತ ಕನ್ನಡ ಟೀಚರ್. ಅವರಿಗೂ ಆಸ್ಪತ್ರೆಗೂ ಸಂಬಂಧ ಇಲ್ಲ, ಅಧ್ಯಯನದ ಬಗ್ಗೆ ಮೊದಲು ಅವರನ್ನು ಕೂರಿಸಿ ಪೂರ್ತಿ ತಿಳಿಸಿಕೊಡುತ್ತೇನೆ. ಆ ಹೊತ್ತಲ್ಲಿ ನಾನು ವಾರ್ಡಿನಲ್ಲಿ ಇರುವುದಿಲ್ಲ. ಓದು ಬಾರದವರು ಹೆಬ್ಬೆಟ್ಟು ಒತ್ತುವುದಾದರೆ ಪಕ್ಕದಲ್ಲಿ ಓದು ಬಲ್ಲ, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಇದೆ, ಅದಕ್ಕೂ ಜನ ಹುಡುಕುತ್ತಿದ್ದೇನೆ. ಒಪ್ಪಿಗೆ ಕೇಳುವುದು ಮಾತ್ರೆ ಶುರುವಾಗಿ, ಬ್ಯಾಂಕ್ ಖಾತೆಯ ವಿವರ ಕೊಟ್ಟು ಮುಗಿದ ಮೇಲೆ. ಗೈಡ್ ಇದರಿಂದ 385 ತುಂಬುವುದು ನಿಧಾನ ಆಗುತ್ತದೆ ಅಂದರು. ಆಗಲಿ. ಅಧ್ಯಯನಕ್ಕೆ ಒಪ್ಪಿಗೆ ಕೊಡಬೇಕಾದ ಎಥಿಕ್ಸ್ ಕಮಿಟಿಯಲ್ಲಿ ಡಾಕ್ಟರುಗಳ ಜೊತೆ ವಕೀಲರು, ಸಾಮಾನ್ಯ ಜನರ ಕಡೆಯಿಂದ ಒಬ್ಬರು ಇರುತ್ತಾರೆ. ಆ ಸಾಮಾನ್ಯರೇ ನನ್ನನ್ನು ಜಾಸ್ತಿ ಪ್ರಶ್ನೆ ಕೇಳಲಿ ಅಂತ ಆಸೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಪತ್ರದ ಕನ್ನಡ ಪ್ರತಿ ನಿನ್ನ ವಾಟ್ಸಾಪಿಗೆ ಹಾಕಿದ್ದೇನೆ. ನಿಮ್ಮ ಅವ್ವನ ಮುಂದೆ ನಿಧಾನಕ್ಕೆ ಓದು. ಓದಿ ಆದ ಮೇಲೆ "ಬೇಡ ಅಂದ್ರೆ ಏನಾಗುತ್ತೆ?" ಅಂತ ಅವರನ್ನೇ ಕೇಳು. ಏನೂ ಆಗಲ್ಲ, ಔಷಧ ಕೊಟ್ಟೇ ಕೊಡ್ತಾರೆ ಅಂದರೆ ಪತ್ರ ಸರಿ ಇದೆ. ಬೇರೆ ಏನಾದರೂ ಅಂದರೆ ಅವರು ಅಂದ ಹಾಗೇ ಬರೆದು ಕಳಿಸು, ಸೋಮವಾರದೊಳಗೆ ತಿದ್ದಿ ಗೈಡ್ ಕೈಗೆ ಕೊಡಬೇಕು. ನನ್ನ ಹೆಸರು ಮಾತ್ರ ಮೊದಲೇ ಹೇಳಬೇಡ, ಹೇಳಿದರೆ ಅವರೂ ಒಪ್ಪಿಬಿಡುತ್ತಾರೆ.

ನಿನ್ನ ದೋಸ್ತ