ಸಮಾಜಕಾರ್ಯ ಶಿಕ್ಷಣ: ವರದಿ ಓದುವವರು ಬೇಕು

ಮಾನ್ಯ ಸಂಪಾದಕರೇ,

1936ರಲ್ಲಿ ಮುಂಬೈನಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ (ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಟಿಸ್) ಆರಂಭವಾಯಿತು. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಸಮಾಜಕಾರ್ಯ ಕಾಲೇಜು ಶುರುವಾಯಿತು. ಈ ಶಿಕ್ಷಣದ ಜೀವಾಳ ಕ್ಷೇತ್ರಕಾರ್ಯ. ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ವಿದ್ಯಾರ್ಥಿ ಸಾಮಾನ್ಯವಾಗಿ ವಾರಕ್ಕೆರಡು ದಿನ ಆಸ್ಪತ್ರೆ, ಬಾಲಮಂದಿರ ಅಥವಾ ಕೊಳೆಗೇರಿಗೆ ಹೋಗಿ ಬಂದು ವರದಿ ಬರೆಯಬೇಕು. ಮೇಲ್ವಿಚಾರಕರಾದ ಉಪನ್ಯಾಸಕರು ಅದನ್ನು ಓದಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಚರ್ಚಿಸಬೇಕು.

ಹಲವು ಕಡೆ ಎಡವುವುದು ಇಲ್ಲೇ. ‘ಮನೆ ಭೇಟಿ ಮಾಡಿದೆ, ಸಮಾಲೋಚನೆ ನೀಡಿದೆ’ ಎಂಬ ಒಂದು ಸಾಲಿಗೂ ಸಹಿ ಬೀಳುತ್ತದೆ. ವಿದ್ಯಾರ್ಥಿ ಏನು ಕೇಳಿದ, ಮಗುವಿನ ತಾಯಿ ಏನೆಂದಳು, ಯಾವ ಪ್ರಶ್ನೆಗೆ ಮಾತು ನಿಲ್ಲಿಸಿದಳು ಎಂಬುದೇ ಇಲ್ಲದಿದ್ದರೆ ತಿದ್ದುವುದಾದರೂ ಏನನ್ನು? ಉಪನ್ಯಾಸಕರನ್ನಷ್ಟೇ ದೂರಿ ಫಲವಿಲ್ಲ. ಒಬ್ಬರಿಗೆ 24 ವಿದ್ಯಾರ್ಥಿಗಳನ್ನು ವಹಿಸಿದರೆ, ತಲಾ ಅರ್ಧ ಗಂಟೆಯಂತೆ ಚರ್ಚೆಗೇ ವಾರಕ್ಕೆ 12 ಗಂಟೆ ಬೇಕು. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಅತಿಥಿ ಉಪನ್ಯಾಸಕರಾದರೆ ವರ್ಷದ ನಡುವೆಯೇ ಬದಲಾಗುವುದೂ ಉಂಟು.

ವಿಶ್ವವಿದ್ಯಾಲಯಗಳು ಒಬ್ಬ ಮೇಲ್ವಿಚಾರಕರಿಗೆ ಎಂಟು–ಹತ್ತು ವಿದ್ಯಾರ್ಥಿಗಳ ಮಿತಿ ಹಾಕಿ, ಈ ಚರ್ಚೆಯನ್ನು ಬೋಧನಾ ಅವಧಿಯೆಂದೇ ಲೆಕ್ಕಕ್ಕೆ ಹಿಡಿಯಲಿ.

– ಸಮಾಜಕಾರ್ಯ ಶಿಕ್ಷಕರ ಬಳಗ, ಮೈಸೂರು