ಬ್ಲೂಗ್ರಾಸ್ ರಸಿಕರ ವಾದಕ್ಕೆ ಕಿವಿಗೊಡೋಣ

ಆತ್ಮೀಯ ಓದುಗರೇ,

ನಾವು ಮನೆ ಮಾಡಿಕೊಂಡಿರುವ ಈ ಉತ್ತರ ಕೆರೊಲಿನಾ ರಾಜ್ಯವು ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಗಿಟಾರ್‌ಗಳ ಮೇಳದೊಂದಿಗೆ ಹಾಡುವ, ಅಮೆರಿಕದ ಜಾನಪದ ಬೇರಿನ ಬ್ಲೂಗ್ರಾಸ್ ಸಂಗೀತದ ತವರುಗಳಲ್ಲಿ ಒಂದು. ಐದು ತಂತಿಯ ಬ್ಯಾಂಜೊವನ್ನು ಮೂರು ಬೆರಳುಗಳಿಂದ ನುಡಿಸುವ ಬಾನಿಯನ್ನು ನಾಡಿಗೆಲ್ಲ ಪರಿಚಯಿಸಿದ ಅರ್ಲ್ ಸ್ಕ್ರಗ್ಸ್ 1924ರಲ್ಲಿ ಹುಟ್ಟಿದ್ದು ಷೆಲ್ಬಿ ಪಟ್ಟಣಕ್ಕೆ ಹತ್ತಿರದ ಫ್ಲಿಂಟ್ ಹಿಲ್‌ನಲ್ಲಿ. ಗಿಟಾರ್ ವಾದಕ ಡಾಕ್ ವಾಟ್ಸನ್ ಬಾಳಿದ್ದು ಡೀಪ್ ಗ್ಯಾಪ್‌ನಲ್ಲಿ. ಅವರ ಮಗ ಮರ್ಲ್ ನೆನಪಿನಲ್ಲಿ 1988ರಲ್ಲಿ ಆರಂಭವಾದ ಉತ್ಸವ ವಿಲ್ಕ್ಸ್‌ಬರೊದಲ್ಲಿ ಇಂದಿಗೂ ನಡೆದುಕೊಂಡು ಬಂದಿದೆ. ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘದ ವಾರ್ಷಿಕ ಸಮ್ಮೇಳನವಂತೂ 2013ರಿಂದ 2024ರವರೆಗೆ ನಮ್ಮ ರಾಲಿ ನಗರವನ್ನೇ ನೆಲೆಯಾಗಿಸಿಕೊಂಡಿತ್ತು. ಇಷ್ಟು ಸಮೀಪದಲ್ಲಿರುವ ಸಂಗೀತ ನಮ್ಮಲ್ಲಿ ಬಹಳ ಮಂದಿಯ ಕಿವಿಗೆ ಇನ್ನೂ ಬಿದ್ದಿಲ್ಲವೆಂಬ ಕೊರಗು ನನಗಿದೆ. ಅದನ್ನು ತಿಳಿಯಬಯಸುವವರು ಇತಿಹಾಸದ ಗ್ರಂಥಗಳಿಂದ ತೊಡಗುವುದಕ್ಕಿಂತ, ಅದರ ರಸಿಕರು ತಮ್ಮ ಮೆಚ್ಚಿನ ಕಲಾವಿದರ ಬಗ್ಗೆ ಹೂಡುವ ವಾದಗಳನ್ನು ಹಿಂಬಾಲಿಸುವುದೇ ಒಳ್ಳೆಯ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಆ ವಾದಗಳು ಹೊಗಳಿಕೆಯಲ್ಲಿ ನಿಲ್ಲುವುದಿಲ್ಲ. ಯಾವ ವರ್ಷದ ಯಾವ ಧ್ವನಿಮುದ್ರಣ, ಅದರಲ್ಲಿ ಯಾರ ಕೈಯಲ್ಲಿ ಯಾವ ವಾದ್ಯ ಎಂಬಲ್ಲಿಗೇ ಬಂದು ಮುಟ್ಟುತ್ತವೆ.

ಎಲ್ಲ ವಾದಗಳ ಮೂಲದಲ್ಲಿ ಬಿಲ್ ಮನ್ರೊ ಇದ್ದಾರೆ. ಕೆಂಟಕಿಯ ರೋಸೀನ್‌ನಲ್ಲಿ 1911ರಲ್ಲಿ ಹುಟ್ಟಿದ ಈ ಮ್ಯಾಂಡೊಲಿನ್ ವಾದಕರ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದ ಹೆಸರೇ ಮುಂದೆ ಇಡೀ ಪ್ರಕಾರಕ್ಕೆ ಹೆಸರಾಯಿತು. 1945ರ ಕೊನೆಯಲ್ಲಿ ಸ್ಕ್ರಗ್ಸ್ ಈ ತಂಡವನ್ನು ಸೇರಿದರು. ಗಿಟಾರ್ ಮತ್ತು ಗಾಯನಕ್ಕೆ ಲೆಸ್ಟರ್ ಫ್ಲ್ಯಾಟ್, ಪಿಟೀಲಿಗೆ ಚಬ್ಬಿ ವೈಸ್, ಬಾಸ್‌ಗೆ ಹೋವರ್ಡ್ ವಾಟ್ಸ್ ಇದ್ದರು. 1946ರ ಸೆಪ್ಟೆಂಬರ್‌ನಲ್ಲಿ ಶಿಕಾಗೊದಲ್ಲಿ ಕೊಲಂಬಿಯಾ ಕಂಪನಿಗಾಗಿ ಈ ಐವರು ಮುದ್ರಿಸಿದ ಹಾಡುಗಳನ್ನು ಹಿರಿಯ ರಸಿಕರು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಇಲ್ಲಿ ಡ್ರಮ್ ಇಲ್ಲ. ತಾಳದ ಎತ್ತುಗಡೆಯ ಪೆಟ್ಟನ್ನು ಮನ್ರೊ ತಮ್ಮ ಮ್ಯಾಂಡೊಲಿನ್‌ನಲ್ಲೇ, ಮೀಟಿದ ತಂತಿಯನ್ನು ಆ ಕ್ಷಣವೇ ಸದ್ದಡಗಿಸಿ, ಮೊಟಕಾಗಿ ಕೊಡುತ್ತಾರೆ. ಬ್ಯಾಂಜೊ ಮಾತ್ರ ಎಲ್ಲಿಯೂ ಬಿಡುವಿಲ್ಲದೆ ಹರಿಯುತ್ತದೆ: ಹೆಬ್ಬೆರಳು, ತೋರುಬೆರಳು, ನಡುಬೆರಳು ಸರದಿಯಲ್ಲಿ ತಂತಿಗಳನ್ನು ಮೀಟುತ್ತ ಹೋದಂತೆ, ಗಿಡ್ಡದಾದ ಐದನೆಯ ತಂತಿ ತಾರಸ್ಥಾಯಿಯ ಒಂದೇ ಸ್ವರವನ್ನು ನಡುನಡುವೆ ಶ್ರುತಿಯಂತೆ ಹಿಡಿದಿರುತ್ತದೆ.

ಅದೇ ಸಂದರ್ಭದಲ್ಲಿ ಮುದ್ರಿತವಾದ ‘ಬ್ಲೂ ಮೂನ್ ಆಫ್ ಕೆಂಟಕಿ’ ಒಂದು ಪ್ರತ್ಯೇಕ ವಾದದ ವಸ್ತು. ಮನ್ರೊ ಅದನ್ನು ಮೂರು ಮಾತ್ರೆಯ ವಿಳಂಬ ನಡೆಯಲ್ಲಿ ಹಾಡಿದ್ದರು. 1954ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೊದಲ್ಲಿ ತರುಣ ಎಲ್ವಿಸ್ ಪ್ರೀಸ್ಲಿ ಅದನ್ನೇ ನಾಲ್ಕು ಮಾತ್ರೆಗೆ ತಿರುಗಿಸಿ ಓಡಿಸಿದರು. ಮನ್ರೊ ಅದೇ ವರ್ಷ ಆ ಹಾಡನ್ನು ಮತ್ತೆ ಮುದ್ರಿಸಿ, ಮೊದಲು ತಮ್ಮ ಹಳೆಯ ನಡೆಯಲ್ಲಿ ಹಾಡಿ, ಆಮೇಲೆ ಹೊಸ ವೇಗಕ್ಕೆ ಜಿಗಿದರು. ಮೂರನ್ನೂ ಒಂದರ ಹಿಂದೊಂದು ಕೇಳಬೇಕು. ಒಂದೇ ದೇವರನಾಮವನ್ನು ಬೇರೆಬೇರೆ ಗಾಯಕರ ಕಂಠದಲ್ಲಿ ಕೇಳಿ ತೂಗುವ ಅಭ್ಯಾಸವಿರುವ ನಮಗೆ ಇದು ಕಷ್ಟವಾಗಲಾರದು. ನನ್ನ ಮತ 1946ರ ವಿಳಂಬಕ್ಕೇ ಸಲ್ಲುತ್ತದೆ. ಮನ್ರೊ ಅವರ ಎತ್ತರದ ಕಂಠದಲ್ಲಿರುವ ಒಂಟಿತನಕ್ಕೆ ಆ ನಿಧಾನದಲ್ಲಿ ಮಾತ್ರ ಜಾಗವಿದೆ.

1948ರಲ್ಲಿ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಮನ್ರೊ ಅವರನ್ನು ಬಿಟ್ಟು ತಮ್ಮದೇ ತಂಡ ಕಟ್ಟಿದ ಮೇಲೆ ರಸಿಕರಲ್ಲೂ ಎರಡು ಪಂಗಡಗಳಾದವು. ಫ್ಲ್ಯಾಟ್ ಮತ್ತು ಸ್ಕ್ರಗ್ಸ್ 1949ರಲ್ಲಿ ಮುದ್ರಿಸಿದ ‘ಫಾಗಿ ಮೌಂಟನ್ ಬ್ರೇಕ್‌ಡೌನ್’ ಬಹುಶಃ ಬ್ಯಾಂಜೊವಿನ ಅತ್ಯಂತ ಪ್ರಸಿದ್ಧ ಕೃತಿ. ಕಿವಿಗೊಟ್ಟು ಕೇಳಿದರೆ ಅದರಲ್ಲೊಂದು ಘರ್ಷಣೆ ಸಿಗುತ್ತದೆ: ಸ್ಕ್ರಗ್ಸ್ ಬ್ಯಾಂಜೊದಲ್ಲಿ ಇ ಮೈನರ್ ಎಂಬ ಸ್ವರಗುಚ್ಛ (ಕಾರ್ಡ್) ಹಿಡಿದ ಕಡೆ ಫ್ಲ್ಯಾಟ್ ಗಿಟಾರಿನಲ್ಲಿ ಇ ಮೇಜರ್ ಬಾರಿಸುತ್ತಾರೆ. ಇದು ತಪ್ಪೆಂದು ಕೆಲವರೂ, ಆ ಮುದ್ರಣದ ಖಾರವೇ ಅದೆಂದು ಕೆಲವರೂ ವಾದಿಸುತ್ತಾರೆ. ನಾನು ಎರಡನೆಯವರ ಕಡೆ.

ಮುಂದಿನ ಪೀಳಿಗೆಯ ರಸಿಕರು ಒಂದು ಆಲ್ಬಂ ಅನ್ನು ಅದರ ಹೆಸರಿಗಿಂತ ರೌಂಡರ್ ಕಂಪನಿ ಕೊಟ್ಟ ಸಂಖ್ಯೆಯಿಂದಲೇ ಗುರುತಿಸುತ್ತಾರೆ: 0044. ಅದು 1975ರಲ್ಲಿ ಬಂದ ‘ಜೆ. ಡಿ. ಕ್ರೋ ಅಂಡ್ ದ ನ್ಯೂ ಸೌತ್’. ಕ್ರೋ ಅವರ ಬ್ಯಾಂಜೊ, ಟೋನಿ ರೈಸ್ ಅವರ ಗಿಟಾರ್ ಮತ್ತು ಕಂಠ, ರಿಕಿ ಸ್ಕ್ಯಾಗ್ಸ್ ಅವರ ಮ್ಯಾಂಡೊಲಿನ್, ಜೆರಿ ಡಗ್ಲಸ್ ಅವರ ಡೋಬ್ರೊ (ಮಲಗಿಸಿ ನುಡಿಸುವ ಒಂದು ಬಗೆಯ ಗಿಟಾರ್), ಬಾಬಿ ಸ್ಲೋನ್ ಅವರ ಬಾಸ್ ಇಲ್ಲಿ ಕೂಡಿದವು. ಈ ಐವರು ಒಟ್ಟಿಗಿದ್ದ ಕಾಲ ಅಲ್ಪ. ಆದರೆ ‘ದಿ ಓಲ್ಡ್ ಹೋಮ್ ಪ್ಲೇಸ್’ ಹಾಡಿಗೆ ಕ್ರೋ ಕೊಡುವ ಆರಂಭದ ಕೆಲವು ಸೆಕೆಂಡುಗಳು ಇಂದಿನ ಬ್ಯಾಂಜೊ ಕಲಿಯುವವರಿಗೆ ಪಾಠವಾಗಿವೆ. ಹೊಸದಾಗಿ ಕೇಳುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಅಳತೆಗೋಲು 1946ರದ್ದಾದರೂ, ಹಳೆಯ ಮುದ್ರಣದ ಗರಗರ ಸದ್ದನ್ನು ದಾಟಲು ಹೊಸ ಕಿವಿಗೆ ಸ್ವಲ್ಪ ಕಾಲ ಬೇಕಾಗುತ್ತದೆ. ಟೋನಿ ರೈಸ್ 1994ರ ಸುಮಾರಿಗೆ ಹಾಡುವ ಕಂಠವನ್ನು ಕಳೆದುಕೊಂಡರು. 2020ರ ಕ್ರಿಸ್‌ಮಸ್ ದಿನ ನಮ್ಮದೇ ರಾಜ್ಯದ ರೀಡ್ಸ್‌ವಿಲ್‌ನಲ್ಲಿ ತೀರಿಕೊಂಡರು. ಆ ಕಂಠ ತನ್ನ ಪೂರ್ಣ ತೇಜಸ್ಸಿನಲ್ಲಿದ್ದಾಗಿನ ಈ ಆಲ್ಬಂ ಕೇಳದೆ ಅವರನ್ನು ಬರಿಯ ಗಿಟಾರ್ ವಾದಕರೆನ್ನುವುದು ಅನ್ಯಾಯ.

ಬ್ಲೂಗ್ರಾಸ್‌ಗೆ ಎಲ್ಲೆ ಯಾವುದು ಎಂಬ ವಾದವೂ ಇದ್ದೇ ಇದೆ. ಬ್ಯಾಂಜೊ ವಾದಕ ಬೇಲಾ ಫ್ಲೆಕ್, ತಬಲಾ ವಾದಕ ಜಾಕಿರ್ ಹುಸೇನ್, ಬಾಸ್ ವಾದಕ ಎಡ್ಗರ್ ಮೇಯರ್ ಮತ್ತು ಕೊಳಲುವಾದಕ ರಾಕೇಶ್ ಚೌರಾಸಿಯಾ ಸೇರಿ ತಂದ ‘ಆ್ಯಸ್ ವಿ ಸ್ಪೀಕ್’ 2024ರಲ್ಲಿ ಎರಡು ಗ್ರ್ಯಾಮಿ ಪ್ರಶಸ್ತಿಗಳನ್ನು ಗಳಿಸಿತು. ಅದು ಬ್ಲೂಗ್ರಾಸ್ ಅಲ್ಲವೆನ್ನುವವರ ಮಾತು ಸರಿಯೇ. ಆದರೂ ತಬಲಾ ಕೇಳಿ ಬೆಳೆದ ನಮ್ಮವರಿಗೆ ಬ್ಯಾಂಜೊವಿನ ಲಯದ ಸೂಕ್ಷ್ಮ ತೆರೆದುಕೊಳ್ಳಲು ಅದು ನೆರವಾಗುತ್ತದೆ.

ರಸಿಕರ ಪಟ್ಟಿಗಳ ಬಗ್ಗೆ ನನಗೆ ನಿಜವಾದ ತಕರಾರು ಇರುವುದು ಬೇರೆಡೆ. ಬ್ಯಾಂಜೊ ಈ ನೆಲಕ್ಕೆ ಬಂದದ್ದು ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರೊಂದಿಗೆ. ತರುಣ ಮನ್ರೊ ಅವರಿಗೆ ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ರುಚಿ ಹತ್ತಿಸಿದವರಲ್ಲಿ ಆರ್ನಲ್ಡ್ ಷುಲ್ಟ್ಜ್ ಎಂಬ ಕಪ್ಪು ಸಂಗೀತಗಾರ ಪ್ರಮುಖರು. ಗ್ರೀನ್ಸ್‌ಬರೊದ ರಿಯಾನನ್ ಗಿಡೆನ್ಸ್ 2017ರಲ್ಲಿ ರಾಲಿಯ ಸಮ್ಮೇಳನದಲ್ಲಿಯೇ ಈ ಮರೆತ ಪಾಲನ್ನು ನೆನಪಿಸಿ ಭಾಷಣ ಮಾಡಿದರು. ಮಹಿಳೆಯರ ವಿಷಯದಲ್ಲೂ ಹೀಗೆಯೇ ಆಗಿದೆ. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಸೀಮೆಯಿಂದ ಬಂದ ಹೇಜಲ್ ಡಿಕನ್ಸ್, ಆಲಿಸ್ ಜೆರಾರ್ಡ್ ಅವರ ಜೊತೆಗೂಡಿ 1965ರಲ್ಲಿ ಫೋಕ್‌ವೇಸ್ ಕಂಪನಿಯ ಮೂಲಕ ‘ಹೂಸ್ ದಟ್ ನಾಕಿಂಗ್?’ ಹೊರತಂದರು. ಗಂಡಸರ ತಂಡಗಳೇ ತುಂಬಿದ್ದ ಆ ಕಾಲದಲ್ಲಿ ಇಬ್ಬರು ಹೆಂಗಸರು ಮುಂದೆ ನಿಂತು, ದನಿಯನ್ನು ನಯಗೊಳಿಸದೆ, ಎದೆಯಿಂದೆತ್ತಿ ಹಾಡಿದ ಈ ಮುದ್ರಿಕೆಯನ್ನು ನಾನು 0044ರ ಪಕ್ಕದಲ್ಲೇ ಇಡುತ್ತೇನೆ. ಇದನ್ನು ಬಿಟ್ಟ ಪಟ್ಟಿ ಯಾವುದೇ ಇರಲಿ, ಅದನ್ನು ನಾನು ಒಪ್ಪಲಾರೆ.

ಮುಂದಿನ ಸಂಚಿಕೆಯಲ್ಲಿ ಓದುಗರ ಮೆಚ್ಚಿನ ಬ್ಲೂಗ್ರಾಸ್ ಮುದ್ರಣಗಳಿಗೆ ಒಂದು ಪುಟ ಮೀಸಲಿಟ್ಟಿದ್ದೇವೆ. ಕಲಾವಿದರ ಹೆಸರಿನ ಜೊತೆಗೆ ಯಾವ ಹಾಡು, ಯಾವ ವರ್ಷದ ಮುದ್ರಣ, ಅದರಲ್ಲಿ ನಿಮ್ಮ ಕಿವಿ ನಿಂತದ್ದು ಎಲ್ಲಿ ಎಂಬುದನ್ನು ತಪ್ಪದೆ ಬರೆದು ಕಳುಹಿಸಿ. ನನ್ನ ಆಯ್ಕೆಗಳನ್ನು ಒಪ್ಪದವರ ಪತ್ರಗಳನ್ನು ಮೊದಲು ಅಚ್ಚು ಹಾಕುತ್ತೇವೆ.

— ಸಂಪಾದಕ